ಗ್ಯಾರಾರ್ಡ್ ಚೇಂಜರ್: ಇಲ್ಲಿಯವರೆಗಿನ ಕೆಲಸ, ಇಲ್ಲಿಯವರೆಗಿನ ಖರ್ಚು

ನಾನು ರಿಪೇರಿ ಮಾಡುತ್ತಿರುವ ಹಳೆ ಗ್ಯಾರಾರ್ಡ್ ಚೇಂಜರಿನ (ರೆಕಾರ್ಡುಗಳನ್ನು ತಾನೇ ಬದಲಿಸುವ ಪ್ಲೇಯರ್) ಪ್ಲ್ಯಾಟರ್, ಅಂದರೆ ರೆಕಾರ್ಡ್ ಕೂರುವ ತಿರುಗುತಟ್ಟೆ, ಕೊನೆಗೂ ಸರಿಯಾದ ವೇಗಕ್ಕೆ ಬಂತು. ಆದರೆ ಇದರ ಫೋಟೊ ನೋಡಿದವರೆಲ್ಲ ಕೇಳುವುದು ದುಡ್ಡಿನ ವಿಷಯ, ಹಾಗಾಗಿ ಅದನ್ನೇ ಮೊದಲು ಮುಗಿಸಿಬಿಡುತ್ತೇನೆ.

ಇದು ಸಿಕ್ಕಿದ್ದು ತುಮಕೂರಿನ ಮಂಡಿಪೇಟೆ ಕಡೆಯ ಒಂದು ಗುಜರಿಯಲ್ಲಿ. ಹಿಂದೆಲ್ಲ ಇಂಥವನ್ನು ತೂಕಕ್ಕೆ ಹಾಕುತ್ತಿದ್ದರು. ಈಗ ಅಂಗಡಿಯವರು ಮಾತಿಗೆ ಮುಂಚೆ ಮೊಬೈಲ್ ತೆಗೆದು, ಬೆಂಗಳೂರಿನಲ್ಲಿ ಯಾರೋ ಹಾಕಿರುವ ರೇಟು ತೋರಿಸುತ್ತಾರೆ. 'ಹಾಕಿದ ರೇಟಿಗೇ ಮಾರಿಹೋಗಿದೆಯಾ?' ಅಂದರೆ ಉತ್ತರವಿಲ್ಲ. ಕೆಫೆ ಅಲಂಕಾರಕ್ಕೆ ಕೊಳ್ಳುವವರು ಶುರುವಾದ ಮೇಲಂತೂ ಪಾಲಿಶ್ ಹೊಡೆದ ಪೆಟ್ಟಿಗೆಗೇ ಬೆಲೆ. ಒಳಗೆ ಮೋಟಾರ್ ಇದೆಯೋ ಇಲಿ ಮರಿ ಹಾಕಿದೆಯೋ, ಅವರಿಗೇನು? ಎಳೆದಾಡಿ 5,500ಕ್ಕೆ ತಂದೆ.

ಇಲ್ಲಿಂದ ಮುಂದೆ ಅಸಲಿಗಿಂತ ಬಡ್ಡಿಯೇ ಜಾಸ್ತಿ. ಈ ಮಾಡೆಲ್‌ನಲ್ಲಿ ಬೆಲ್ಟ್ ಇಲ್ಲ. ಮೋಟಾರಿನ ಮೆಟ್ಟಿಲು ಮೆಟ್ಟಿಲಾದ ಪುಲ್ಲಿಗೂ ಪ್ಲ್ಯಾಟರಿನ ಒಳಅಂಚಿಗೂ ನಡುವೆ ರಬ್ಬರ್ ಸುತ್ತಿದ ಒಂದು ಚಿಕ್ಕ ಚಕ್ರ ನಿಂತು ತಿರುಗಿಸುತ್ತದೆ. ಅದೇ ಐಡ್ಲರ್. ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದಕ್ಕೆ ರಬ್ಬರ್ ಕಲ್ಲಾಗಿ, ಒಂದು ಕಡೆ ತಗ್ಗು ಬಿದ್ದಿತ್ತು. ಸ್ಪೀಕರಿನಲ್ಲಿ ಹಾಡಿನ ಹಿಂದೆ ದಡ್, ದಡ್. ಹೊಸ ಚಕ್ರ ಇಂಗ್ಲೆಂಡಿನಿಂದ ಬರಬೇಕು. ಅಂಚೆ, ಕಸ್ಟಮ್ಸ್ ಸೇರಿ ಪ್ಲೇಯರಿನ ಅರ್ಧ ಬೆಲೆ. ಹಳೆಯದನ್ನೇ ಮರಳುಕಾಗದದಲ್ಲಿ ಉಜ್ಜಿ ನೋಡಿದೆ. ದಡಬಡ ಕಡಿಮೆಯಾಯಿತು, ಹಿಡಿತ ಬರಲಿಲ್ಲ. ತರಿಸಲೇಬೇಕಾಯಿತು.

ಕಾಸು ಕೇಳದ ಕೆಲಸವೂ ಇತ್ತು. ಹಳೆ ಗ್ರೀಸ್ ಮೇಣದಂತೆ ಗಟ್ಟಿಯಾಗಿ, ಮುಳ್ಳಿರುವ ತೋಳು ರೆಕಾರ್ಡಿನ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಹಾಕಿದ ಮೇಲೆ ತಾನಾಗಿಯೇ ಎದ್ದು ಗೂಡಿಗೆ ಮರಳುತ್ತದೆ.

ವೇಗ ನೋಡಲು 180 ಗೆರೆಗಳ ಸ್ಟ್ರೋಬ್ ಚಕ್ರವನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಸಿದೆ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ, ನಿಮಿಷಕ್ಕೆ 33⅓ ಸುತ್ತಿನ (ಎಲ್‌ಪಿ ರೆಕಾರ್ಡಿನ) ವೇಗಕ್ಕೆ ಗೆರೆಗಳು ನಿಂತ ಹಾಗೆ ಕಾಣಬೇಕು. ನಮ್ಮ ಎಲ್‌ಇಡಿ ಬಲ್ಬ್ ಕೆಳಗೆ ಏನೂ ಗೊತ್ತಾಗಲಿಲ್ಲ. ಹಿತ್ತಿಲ ಕೋಣೆಯ ಹಳೆ ಚೋಕ್ ಟ್ಯೂಬ್‌ಲೈಟ್ ಕೆಳಗೆ ಹಿಡಿದೆ: ಗೆರೆಗಳು ಅಲ್ಲಾಡಲಿಲ್ಲ.

ಅಮೆರಿಕದಿಂದ ಬಂದ ಪ್ಲೇಯರ್ ಅಗ್ಗಕ್ಕೆ ಸಿಗುತ್ತದೆಂದು ಗೆಳೆಯರೊಬ್ಬರು ಕೇಳುತ್ತಿದ್ದರು. ಇಂಥ ಎಸಿ ಮೋಟಾರಿನದಾದರೆ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರಷ್ಟೇ ಸಾಲದು. ಅಲ್ಲಿನ 60 ಹರ್ಟ್ಜ್ ಕರೆಂಟಿಗೆ ಮಾಡಿದ್ದು ಇಲ್ಲಿ ನಿಧಾನ ಓಡುತ್ತದೆ, ಪುಲ್ಲಿಯನ್ನೂ ಬದಲಿಸಬೇಕು. ಅಗ್ಗ ಅನ್ನುವುದು ಅಲ್ಲೇ ಮುಗಿಯಿತು.

ಬಾಕಿ ಇರುವುದು 78ರ ಮುಳ್ಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ಅರಗಿನ ರೆಕಾರ್ಡುಗಳಿಗೆ ಬೇಕಾದದ್ದು. ಎಲ್‌ಪಿ ಮುಳ್ಳು ಆ ರೆಕಾರ್ಡಿನ ಅಗಲವಾದ ಗೀರಿನಲ್ಲಿ ತಳ ಮುಟ್ಟಿ ಬರೀ ಕರಕರ ಅನ್ನುತ್ತದೆ. 78ರ ಮುಳ್ಳು ಬರುವವರೆಗೆ ಆಂಪ್ಲಿಫೈಯರಿನ ಒಣಗಿದ ಕೆಪಾಸಿಟರ್‌ಗಳನ್ನು ಬಿಚ್ಚುತ್ತಿದ್ದೇನೆ. ಹೊಸವು ಬೆಂಗಳೂರಿನ ಎಸ್‌ಪಿ ರೋಡಿನಲ್ಲೇ ಸಿಗುತ್ತವೆ, ಇದ್ದುದರಲ್ಲಿ ಇದೇ ಅಗ್ಗದ ಬಾಬತ್ತು.