ಪವನಾ ಹಿನ್ನೀರಿನ ಟೆಂಟಿಗೆ ಮಕ್ಕಳೊಂದಿಗೆ ಹೊರಟವರ ಔಷಧಿ ಡಬ್ಬಿ

ಪುಣೆಯಿಂದ ಹಳೇ ಮುಂಬೈ ಹೆದ್ದಾರಿ ಹಿಡಿದು ಕಾಮಶೇತ್‌ನಲ್ಲಿ ಎಡಕ್ಕೆ ತಿರುಗಿದರೆ ಪವನಾನಗರ. ಅದರಾಚೆ ಹಿನ್ನೀರಿನ ಸುತ್ತ ಟೆಂಟುಗಳು, ಎದುರಿಗೆ ತಿಕೋನಾ, ತುಂಗ್ ಕೋಟೆಗಳು. ಅಲ್ಲಿ ರಾತ್ರಿ ಹೊತ್ತು ಮೆಡಿಕಲ್ ಶಾಪ್ ತೆರೆದಿರುತ್ತದೆಂದು ನೆಚ್ಚಿಕೊಳ್ಳಬೇಡಿ. ಮರೆತದ್ದೇನಾದರೂ ಇದ್ದರೆ ದಾರಿಯಲ್ಲಿ ತಳೇಗಾಂವ್‌ನಲ್ಲೇ ಕೊಳ್ಳಿ.

ಮೊದಲು ಯೋಚಿಸಬೇಕಾದದ್ದು ಬಾರ್ಬೆಕ್ಯೂ ಕೆಂಡದ ಬಗ್ಗೆ. ಮೇಲೆ ಬೂದಿ ಮುಚ್ಚಿದ್ದರೂ ಒಳಗೆ ಕೆಂಡ ಜೀವಂತವಿರುತ್ತದೆ, ಮಕ್ಕಳು ಬರಿಗಾಲಲ್ಲಿ ತುಳಿಯುತ್ತಾರೆ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್ ಬೇಡವೇ ಬೇಡ. ಹಾಗಾಗಿ ಡಬ್ಬಿಯ ಜೊತೆಗೆ 20 ಲೀಟರಿನ ನೀರಿನ ಕ್ಯಾನೂ ಇರಲಿ. ಚಳಿಯೆಂದು ಅದೇ ಇದ್ದಿಲ ಒಲೆಯನ್ನು ಟೆಂಟಿನೊಳಗೆ ಒಯ್ದರೆ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಅದಕ್ಕೆ ಡಬ್ಬಿಯಲ್ಲಿ ಮದ್ದಿಲ್ಲ.

ಗಾಯಕ್ಕೆ: ತೊಳೆಯಲು 100 ಮಿಲಿ ಸಲೈನ್ ಬಾಟಲಿ, ಗಾಜ್, ಪೊವಿಡೋನ್ ಅಯೋಡಿನ್ ಮುಲಾಮು, ಚಿಮಟ, ಕತ್ತರಿ, 10 ಸೆಂ.ಮೀ. ಅಗಲದ ಎರಡು ಕ್ರೇಪ್ ಬ್ಯಾಂಡೇಜ್. ನೀರಲ್ಲಿ ಆಡುವ ಮಕ್ಕಳಿಗೆ ಬ್ಯಾಂಡ್‌ಏಡ್ ನಿಲ್ಲುವುದಿಲ್ಲ.

ವಾಂತಿಭೇದಿಗೆ ಓಆರ್‌ಎಸ್. ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ, ಒಂದು ಲೋಟಕ್ಕಲ್ಲ. ಗಟ್ಟಿಯಾಗಿ ಕಲಸಿದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್. 15 ಕೆಜಿ ಮಗುವಿಗೆ ಸುಮಾರು 200 ಮಿಗ್ರಾಂ, ಅಂದರೆ 5 ಮಿಲಿಗೆ 250 ಮಿಗ್ರಾಂ ಇರುವ ಸಿರಪ್ಪಾದರೆ 4 ಮಿಲಿ, 120 ಇರುವುದಾದರೆ 8 ಮಿಲಿ. ಕತ್ತಲಲ್ಲಿ ಎಡವಟ್ಟಾಗುವುದು ಇಲ್ಲೇ. ಮಗುವಿನ ವೈದ್ಯರನ್ನು ಕೇಳಿ, ಅಳತೆಯನ್ನು ಬಾಟಲಿಯ ಮೇಲೆಯೇ ಬರೆದು ಅಂಟಿಸಿ.

ಚೇಳು ಕುಟುಕಿದರೆ, ಹಾವು ಕಚ್ಚಿದರೆ ಡಬ್ಬಿ ತೆರೆಯುತ್ತ ಕೂರಬೇಡಿ. ಈ ಭಾಗದ ಕೆಂಪು ಚೇಳು ಮಕ್ಕಳ ಹೃದಯಕ್ಕೇ ಕುತ್ತು ತರಬಲ್ಲದು. ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಅದರ ಲಕ್ಷಣ; ಮಗುವಾದರೆ ಅವಕ್ಕೂ ಕಾಯದೆ ಹೊರಡಿ. ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಬಳಕೆಗೆ ತಂದ ಪ್ರಾಜೋಸಿನ್ ಇದಕ್ಕೆ ಮದ್ದು, ಆದರೆ ಅದನ್ನು ಆಸ್ಪತ್ರೆಯಲ್ಲೇ ಕೊಡಿಸಬೇಕು. ಹಾವು ಕಚ್ಚಿದ ಜಾಗವನ್ನು ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ. ಬಳೆ, ಉಂಗುರ ತೆಗೆದು, ಕೈಕಾಲು ಅಲುಗದಂತೆ ಇಟ್ಟು 108ಕ್ಕೆ ಕರೆಮಾಡಿ, ವಿಷನಿರೋಧಕ ಚುಚ್ಚುಮದ್ದು ಎಲ್ಲಿದೆ ಎಂದು ಕೇಳಿ.

ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಸಂಜೆಯೇ ನೋಡಿಡಿ. ಕಾರನ್ನು ರಸ್ತೆಗೆ ಮುಖಮಾಡಿ ನಿಲ್ಲಿಸಿ. ಓಡಿಸಬಲ್ಲ ಒಬ್ಬರಾದರೂ ಅಂದು ಕುಡಿಯದಿರಲಿ.