ಸ್ಪಾಟ್‌ಮ್ಯಾಟಿಕ್, 1600ರ ಫಿಲ್ಮ್ ಮತ್ತು ಹೆಚ್ಚಾಗುವ ಫ್ಲ್ಯಾಶ್: ಕೆಲಸ ಎಲ್ಲಿಗೆ ಬಂದಿದೆ

1964ರಲ್ಲಿ ಮಾರುಕಟ್ಟೆಗೆ ಬಂದ ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾಕ್ಕೆ ಹೊರಗಿನ ಫ್ಲ್ಯಾಶ್ ಜೋಡಿಸಿ, 1600ಕ್ಕೆ ಪುಶ್ ಮಾಡಿದ (ಐಎಸ್‌ಒ 400ರ ಫಿಲ್ಮನ್ನು 1600ರದೆಂದು ಎಣಿಸಿ ತೆಗೆದು, ಹೆಚ್ಚು ಹೊತ್ತು ಸಂಸ್ಕರಿಸುವ) ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮಿನಲ್ಲಿ ರಾತ್ರಿ ಹೊತ್ತು ಮನೆಯೊಳಗಿನ ಚಿತ್ರಗಳನ್ನು ತೆಗೆಯುವ ಪ್ರಯತ್ನ ಈಗ ಒಂದು ಹದಕ್ಕೆ ಬಂದಿದೆ. ಫ್ಲ್ಯಾಶ್ ಎಂದೊಡನೆ ಬೆಳಕು ಸಾಲದೆಂಬ ಚಿಂತೆ ಮೊದಲು ಬರುತ್ತದೆ. ವೇಗದ, ಎಂದರೆ ಕಡಿಮೆ ಬೆಳಕು ಸಾಕಾಗುವ, ಫಿಲ್ಮ್ ಹಾಕಿದಾಗ ತೊಂದರೆ ಅದಕ್ಕೆ ತದ್ವಿರುದ್ಧವಾಗಿರುತ್ತದೆ. ಇಲ್ಲಿಯವರೆಗಿನ ಕೆಲಸವೆಲ್ಲ ಬೆಳಕನ್ನು ತಗ್ಗಿಸುವ ಕೆಲಸವೇ.

ಮೊದಲು ಸಿಂಕ್ ವಿಚಾರ, ಎಂದರೆ ಶಟರ್ ಪೂರ್ತಿ ತೆರೆದ ಕ್ಷಣಕ್ಕೇ ಫ್ಲ್ಯಾಶ್ ಉರಿಯುವಂತೆ ಹೊಂದಿಸುವುದು. ಈ ಕ್ಯಾಮೆರಾದಲ್ಲಿ ಫ್ಲ್ಯಾಶನ್ನು ತಂತಿಯಿಲ್ಲದೆ ನೇರವಾಗಿ ಸಿಕ್ಕಿಸುವ ಹಾಟ್ ಶೂ ಇಲ್ಲ. ಮುಂಭಾಗದಲ್ಲಿ ಎಫ್‌ಪಿ ಮತ್ತು ಎಕ್ಸ್ ಎಂಬ ಎರಡು ಸಾಕೆಟ್‌ಗಳಿವೆ. ಎಫ್‌ಪಿ ಇರುವುದು ನಿಧಾನವಾಗಿ ಉರಿಯುವ ಹಳೆಯ ಬಲ್ಬುಗಳಿಗಾಗಿ. ಎಲೆಕ್ಟ್ರಾನಿಕ್ ಫ್ಲ್ಯಾಶಿನ ತಂತಿಯನ್ನು ಅಲ್ಲಿ ಸಿಕ್ಕಿಸಿದರೆ ಶಟರಿನ ಪರದೆ ಪೂರ್ತಿ ಸರಿಯುವ ಮೊದಲೇ ಬೆಳಕು ಹೊಮ್ಮಿ ಮುಗಿದಿರುತ್ತದೆ. ತಂತಿಯನ್ನು ಎಕ್ಸ್‌ಗೆ ಸಿಕ್ಕಿಸಿ, ಫಿಲ್ಮ್ ಹಾಕುವ ಮೊದಲು ಹಿಂಬಾಗಿಲು ತೆರೆದು, ಅಪರ್ಚರ್ (ಲೆನ್ಸಿನ ಕಿಂಡಿ) ಪೂರ್ತಿ ಬಿಟ್ಟು, ಬಿಳಿ ಗೋಡೆಯ ಕಡೆಗೆ ಶಟರ್ ಒತ್ತಿ ಹಿಂದಿನಿಂದ ನೋಡಿದೆ. 1/60 ಸೆಕೆಂಡಿನಲ್ಲಿ ಚೌಕಟ್ಟು ಅಂಚಿನಿಂದ ಅಂಚಿಗೆ ಬೆಳಗಿತು. 1/125ಕ್ಕೆ ಏರಿಸಿದಾಗ ಒಂದು ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯಿತು. ಬಟ್ಟೆಯ ಪರದೆಗಳು ಅಡ್ಡಲಾಗಿ ಓಡುವುದರಿಂದ, ಆ ವೇಗದಲ್ಲಿ ಮೊದಲನೆಯದು ಗುರಿ ಮುಟ್ಟುವ ಮೊದಲೇ ಎರಡನೆಯದು ಹೊರಟಿರುತ್ತದೆ. ಹಾಗಾಗಿ 1/60 ಅಥವಾ ಅದಕ್ಕಿಂತ ನಿಧಾನ, ಅಷ್ಟೇ.

ನನ್ನ ಫ್ಲ್ಯಾಶಿನ ಗೈಡ್ ನಂಬರ್ (ದೂರದಿಂದ ಭಾಗಿಸಿದರೆ ಬೇಕಾದ ಎಫ್ ಸಂಖ್ಯೆ ಸಿಗುವ ಅಳತೆ) ಐಎಸ್‌ಒ 100ರಲ್ಲಿ ಮೀಟರ್ ಲೆಕ್ಕಕ್ಕೆ 28. ಫಿಲ್ಮಿನ ವೇಗ ನಾಲ್ಕು ಪಟ್ಟಾದಾಗಲೆಲ್ಲ ಈ ಸಂಖ್ಯೆ ಇಮ್ಮಡಿಯಾಗುತ್ತದೆ. ಆದ್ದರಿಂದ 1600ರಲ್ಲಿ ಅದು 112. ಎರಡು ಮೀಟರ್ ದೂರದಲ್ಲಿ ಕುಳಿತವರ ಮೇಲೆ ನೇರವಾಗಿ ಪೂರ್ಣ ಶಕ್ತಿಯಲ್ಲಿ ಹೊಡೆದರೆ ಎಫ್ 56 ಬೇಕಾಗುತ್ತದೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು), ನನ್ನ 55 ಮಿಮೀ ಲೆನ್ಸ್ ಎಫ್ 16ಕ್ಕೇ ನಿಲ್ಲುತ್ತದೆ. 1/16 ಶಕ್ತಿಗೆ ಇಳಿಸಿದರೆ ಎಫ್ 14ರ ಆಸುಪಾಸಿಗೆ ಬರುತ್ತದೆ. ಲೆಕ್ಕವೇನೋ ಸರಿ, ಆದರೆ ಚಿತ್ರ ಚೆನ್ನಾಗಿಲ್ಲ: ಎಫ್ 14 ಮತ್ತು 1/60ರಲ್ಲಿ ಕೋಣೆಯ ದೀಪದ ಬೆಳಕು ನಾಲ್ಕೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು) ಹಿಂದೆ ಬೀಳುತ್ತದೆ, ಮುಖದ ಹಿಂದೆ ಇದ್ದದ್ದೆಲ್ಲ ಕತ್ತಲಲ್ಲಿ ಮುಳುಗುತ್ತದೆ. ಇಷ್ಟಕ್ಕೆ ವೇಗದ ಫಿಲ್ಮ್ ಯಾಕೆ ಬೇಕಿತ್ತು? 100ರ ಫಿಲ್ಮೂ ಇದೇ ಚಿತ್ರವನ್ನು, ಇನ್ನಷ್ಟು ನುಣುಪಾದ ಗ್ರೇನಿನಲ್ಲಿ ಕೊಡುತ್ತಿತ್ತು.

ಫ್ಲ್ಯಾಶೇ ಬೆಳಕನ್ನು ಅಳೆದು ತಾನಾಗಿ ನಿಲ್ಲುವ ಆಟೋ ವಿಧಾನದಲ್ಲಿ ಉತ್ತರ ಸಿಗಲಿಲ್ಲ. ಫ್ಲ್ಯಾಶಿನ ಡಯಲು 400ಕ್ಕೇ ಮುಗಿಯುತ್ತದೆ. ಅಲ್ಲಿ ಸಿಗುವ ಅತ್ಯಂತ ತೆರೆದ ಅಪರ್ಚರ್ ಎಫ್ 5.6. 1600ರ ಫಿಲ್ಮಿಗೆ ಅದರಿಂದ ಎರಡು ಸ್ಟಾಪ್ ಮುಚ್ಚಿ ಎಫ್ 11 ಇಟ್ಟರೆ ಎಕ್ಸ್‌ಪೋಷರ್ ಸರಿಹೋಗುತ್ತದೆ, ಹಿನ್ನೆಲೆ ಮಾತ್ರ ಮತ್ತೆ ಕಪ್ಪು. ಫ್ಲ್ಯಾಶಿನ ತಲೆಗೆ ಬಿಳಿ ಬಟ್ಟೆ ಕಟ್ಟಿಯೂ ಪ್ರಯೋಜನವಿಲ್ಲ, ಏಕೆಂದರೆ ಮರಳಿ ಬರುವ ಬೆಳಕು ಸಾಕಷ್ಟಾಗುವವರೆಗೆ ಸೆನ್ಸರ್ ಫ್ಲ್ಯಾಶನ್ನು ಉರಿಸುತ್ತಲೇ ಇರುತ್ತದೆ. ಬಟ್ಟೆ ನುಂಗಿದ್ದನ್ನು ಅದು ತುಂಬಿಕೊಡುತ್ತದೆ. ಕೈಲೆಕ್ಕವೇ ಗತಿ.

ದಾರಿ ಸಿಕ್ಕಿದ್ದು ಚಾವಣಿಯಲ್ಲಿ. ಶಕ್ತಿಯನ್ನು 1/16ರಲ್ಲೇ ಇಟ್ಟು ತಲೆಯನ್ನು ಬಿಳಿ ಚಾವಣಿಗೆ ತಿರುಗಿಸಿದಾಗ, ಬೆಳಕು ಹೋಗಿ ಬರುವ ಹಾದಿ ಸುಮಾರು ನಾಲ್ಕು ಮೀಟರಾಗಿ, ಚದುರುವಿಕೆಗೆ ಇನ್ನೆರಡು ಸ್ಟಾಪ್ ಕಳೆದು, ಎಫ್ 4ರ ಹತ್ತಿರ ಬಂದು ನಿಲ್ಲುತ್ತದೆ. ಎಫ್ 4 ಮತ್ತು 1/30 ಎಂದರೆ ಚೆನ್ನಾಗಿ ದೀಪ ಹಾಕಿದ ಕೋಣೆಗೆ 1600ರ ಫಿಲ್ಮ್ ಕೇಳುವ ಎಕ್ಸ್‌ಪೋಷರೇ. ಈ ನೆಗೆಟಿವ್‌ಗಳಲ್ಲಿ ಗೋಡೆಯ ಕಪಾಟು, ಅದರೊಳಗಿನ ಪುಸ್ತಕಗಳ ಬೆನ್ನು, ಮೂಲೆಯ ದೀಪದ ಸುತ್ತಲಿನ ಹೊಳಪು ಎಲ್ಲವೂ ಉಳಿದಿವೆ; ಕಣ್ಣುಗಳ ಕೆಳಗೆ ಮಾತ್ರ ಮೇಲಿನ ಬೆಳಕಿನ ತೆಳುವಾದ ನೆರಳಿದೆ. ಅದಕ್ಕೆ ಫ್ಲ್ಯಾಶಿನ ತಲೆಯ ಹಿಂದೆ ಒಂದು ಬಿಳಿ ಕಾರ್ಡ್ ನಿಲ್ಲಿಸಿ ಸ್ವಲ್ಪ ಬೆಳಕನ್ನು ಮುಂದಕ್ಕೆ ಬಿಡುತ್ತಿದ್ದೇನೆ. 1/30ರಲ್ಲಿ ಕೈಯಾಡಿಸುವವರ ಬೆರಳುಗಳ ಸುತ್ತ ಮಸುಕು ಮೂಡುತ್ತದೆ. ನನಗದು ಇಷ್ಟ, ಬೇಡವೆನ್ನುವವರು 1/60ಕ್ಕೆ ಹೋಗಿ ಹಿನ್ನೆಲೆಯನ್ನು ಒಂದು ಸ್ಟಾಪ್ ಕಳೆದುಕೊಳ್ಳಬೇಕು.

ಸಂಸ್ಕರಣೆ ಐಡಿ-11 ಎಂಬ ಡೆವಲಪರಿನ ಸ್ಟಾಕ್ (ಮತ್ತೆ ನೀರು ಬೆರೆಸದ) ದ್ರಾವಣದಲ್ಲಿ, 20 ಡಿಗ್ರಿಯಲ್ಲಿ, 14 ನಿಮಿಷ. ಪುಶ್ ಮಾಡುವುದರಿಂದ ಕಾಂಟ್ರಾಸ್ಟ್ ಏರುತ್ತದೆಯೇ ಹೊರತು ನೆರಳಿನ ವಿವರ ಹೆಚ್ಚುವುದಿಲ್ಲ. ನೇರ ಫ್ಲ್ಯಾಶಿನ ಚಿತ್ರಗಳು ಸುಣ್ಣ ಬಳಿದಂತೆ ಕಾಣಲು ಇದೂ ಒಂದು ಕಾರಣ.

ಹಗಲಿನಲ್ಲಿ ನೆರಳು ತುಂಬುವ ಬೆಳಕಾಗಿ ಫ್ಲ್ಯಾಶ್ ಬಳಸುವ ಯೋಚನೆಯನ್ನು ಈ ಕ್ಯಾಮೆರಾದ ಮಟ್ಟಿಗೆ ಕೈಬಿಟ್ಟಿದ್ದೇನೆ. ಬಿಸಿಲಿನಲ್ಲಿ ಎಫ್ 16, 1/60 ಇಟ್ಟರೆ 1600ರ ಫಿಲ್ಮಿಗೆ ಸುಮಾರು ಐದು ಸ್ಟಾಪ್ ಹೆಚ್ಚಾಗುತ್ತದೆ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಫ್ಲ್ಯಾಶಿನ ಬೆಳಕೂ ಅಷ್ಟೇ ಕುಗ್ಗುತ್ತದೆ. ಲೆನ್ಸಿನೊಳಗೆ ಲೀಫ್ ಶಟರ್ (ಪರದೆಗಳ ಬದಲು ಎಲೆಯಂಥ ಹಾಳೆಗಳು ತೆರೆದು ಮುಚ್ಚುವ ಶಟರ್) ಇರುವ ಯಾಶಿಕಾ ಮ್ಯಾಟ್-124ಜಿಯಲ್ಲಿ 1/500ರಲ್ಲೂ ಸಿಂಕ್ ಆಗುತ್ತದೆ. 400ರ ಫಿಲ್ಮಿನಲ್ಲಿ ಎಫ್ 16 ಇಟ್ಟರೆ ಇದೇ ಫ್ಲ್ಯಾಶ್ ಮೂರೂವರೆ ಮೀಟರ್ ತಲುಪಬೇಕು. ಮುಂದಿನ ರೋಲ್ ಅದರಲ್ಲಿ.