ನೀರು ಹದಕ್ಕೆ ಬರುವ ತನಕ

ಚಿತ್ರದುರ್ಗದ ನಮ್ಮ ಮನೆಯ ಹಿತ್ತಲಿನಲ್ಲಿ, ತೆಂಗಿನ ಮರಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಉಳಿದಿದ್ದ ಹತ್ತಡಿ ಜಾಗದಲ್ಲಿ, ಕಳೆದ ಸಂಕ್ರಾಂತಿಯ ಹೊತ್ತಿಗೆ ಒಂದು ಸಣ್ಣ ಅಕ್ವಾಪೋನಿಕ್ಸ್ ವ್ಯವಸ್ಥೆಯನ್ನು, ಅಂದರೆ ಮೀನನ್ನೂ ಗಿಡವನ್ನೂ ಒಂದೇ ನೀರಿನಲ್ಲಿ ಬೆಳೆಸುವ ಏರ್ಪಾಟನ್ನು, ಕಟ್ಟಿದೆ. ಮೀನಿನ ತೊಟ್ಟಿಯ ನೀರು ಪಂಪಿನ ಮೂಲಕ ಜಲ್ಲಿ ತುಂಬಿದ ಮಡಿಗಳಿಗೆ ಏರುತ್ತದೆ. ಅಲ್ಲಿ ಗಿಡಗಳ ಬೇರುಗಳನ್ನು ತೋಯಿಸಿ, ಸೋಸಿಕೊಂಡು, ಮತ್ತೆ ತೊಟ್ಟಿಗೆ ಇಳಿಯುತ್ತದೆ. ಹೊರಗೆ ಹರಿದು ಪೋಲಾಗುವ ನೀರು ಇಲ್ಲ. ಕೊಳವೆಬಾವಿಯ ನೀರನ್ನು ಕೊಡದ ಲೆಕ್ಕದಲ್ಲಿ ಬಳಸುವ ನಮ್ಮ ಸೀಮೆಯವನಾದ ನನ್ನನ್ನು ಇದರತ್ತ ಎಳೆದದ್ದು ಈ ಒಂದು ಗುಣವೇ. ಕಟ್ಟುವ ಕೆಲಸ ಐದು ದಿನಗಳಲ್ಲಿ ಮುಗಿಯಿತು; ಮೀನು ಬಿಡಲು ಮಾತ್ರ ಯುಗಾದಿಯವರೆಗೆ ಕಾಯಬೇಕಾಯಿತು. ಆ ಕಾಯುವಿಕೆಯ ಕುರಿತೇ ಹೆಚ್ಚು ಬರೆಯಬೇಕೆಂದಿದ್ದೇನೆ.

ಮೊದಲು ಕಟ್ಟಿದ ಬಗೆ. ಮೀನಿಗಾಗಿ 500 ಲೀಟರಿನ ಕಪ್ಪು ಸಿಂಟೆಕ್ಸ್ ತೊಟ್ಟಿಯನ್ನು ಅರ್ಧದಷ್ಟು ನೆಲದಲ್ಲಿ ಹೂತಿದ್ದೇನೆ. ಬೇಸಿಗೆಯಲ್ಲಿ ನೀರು ತಂಪಾಗಿರಲೆಂಬುದು ಒಂದು ಕಾರಣ. ಮಡಿಗಳಿಂದ ನೀರು ತಾನಾಗಿ ಇಳಿದು ಬರಲು ಬೇಕಾದ ಎತ್ತರದ ವ್ಯತ್ಯಾಸ ಸಿಗಲೆಂಬುದು ಇನ್ನೊಂದು. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದಾಗ ನೀರು ಅಕ್ಕ-ತಂಗಿ ಹೊಂಡಕ್ಕೆ ಹರಿಯುವುದನ್ನು ನೋಡಿ ಬೆಳೆದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರನ್ನು ಒಮ್ಮೆ ಮೇಲೆತ್ತಿದರೆ ಸಾಕು, ಉಳಿದ ದಾರಿಯನ್ನು ಇಳಿಜಾರು ನೋಡಿಕೊಳ್ಳುತ್ತದೆ. ಮಡಿಗಳಿಗಾಗಿ 200 ಲೀಟರಿನ ಎರಡು ನೀಲಿ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿಸಿದೆ. ಅವುಗಳಲ್ಲಿ ಮೊದಲು ಏನಿತ್ತು ಎಂಬುದನ್ನು ವಿಚಾರಿಸಿಯೇ ಕೊಳ್ಳಬೇಕು. ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ನಾನು ಬಳಸುವುದಿಲ್ಲ. ಸೀಳಿದ ಒಂದೊಂದು ಭಾಗವೂ ಸುಮಾರು ಒಂದಡಿ ಆಳವಿದ್ದು, ಅರ್ಧ ಚದರ ಮೀಟರಿನಷ್ಟು ನೆಡುವ ಜಾಗವನ್ನು ಕೊಡುತ್ತದೆ. ಜಲ್ಲಿ ಮತ್ತು ನೀರು ತುಂಬಿದಾಗ ಅದರ ತೂಕ 180 ಕಿಲೋ ದಾಟುವುದರಿಂದ ಕಬ್ಬಿಣದ ಹಗುರ ಸ್ಟ್ಯಾಂಡುಗಳನ್ನು ನಂಬದೆ ಸಿಮೆಂಟ್ ಬ್ಲಾಕುಗಳನ್ನೇ ಜೋಡಿಸಿದೆ.

ಜಲ್ಲಿಯ ವಿಷಯದಲ್ಲಿ ಅವಸರ ಮಾಡಬಾರದು. ಮುಕ್ಕಾಲು ಇಂಚಿನ ಕಲ್ಲು ಸರಿಯಾದ ಅಳತೆ. ಅದಕ್ಕಿಂತ ಸಣ್ಣದಾದರೆ ಕಸ ಕಟ್ಟಿಕೊಳ್ಳುತ್ತದೆ, ದೊಡ್ಡದಾದರೆ ಬ್ಯಾಕ್ಟೀರಿಯಾ ಕೂರುವ ಮೇಲ್ಮೈ ಕಡಿಮೆಯಾಗುತ್ತದೆ. ಒಂದು ಹಿಡಿ ಜಲ್ಲಿಯನ್ನು ಬಟ್ಟಲಿಗೆ ಹಾಕಿ ಮೇಲೆ ವಿನೆಗರ್ ಸುರಿದು ನೋಡಬೇಕು. ನೊರೆ ಎದ್ದರೆ ಆ ಕಲ್ಲಿನಲ್ಲಿ ಸುಣ್ಣವಿದೆ ಎಂದರ್ಥ. ಅದು ನೀರಿನ ಪಿಎಚ್ ಅನ್ನು, ಅಂದರೆ ಹುಳಿ-ಕ್ಷಾರದ ಅಳತೆಯನ್ನು (7 ನಡುಮಟ್ಟ, ಕಡಿಮೆಯಾದರೆ ಹುಳಿ), ಕೆಳಗಿಳಿಯಲು ಬಿಡುವುದೇ ಇಲ್ಲ. ನನಗೆ ಸಿಕ್ಕಿದ್ದು ಕ್ರಷರಿನ ಗ್ರಾನೈಟ್ ಜಲ್ಲಿ, ನೊರೆ ಬರಲಿಲ್ಲ. ಆದರೆ ಅದಕ್ಕೆ ಅಂಟಿದ್ದ ಪುಡಿಯನ್ನು ತೊಳೆಯಲು ಎರಡು ದಿನ ಹಿಡಿಯಿತು, ತೊಳೆದ ನೀರೆಲ್ಲ ತೆಂಗಿಗೆ ಹೋಯಿತು. ಮಡಿಯಿಂದ ನೀರು ಇಳಿಯಲು ಬೆಲ್ ಸೈಫನ್ ಮಾಡಿದ್ದೇನೆ: ಒಂದಿಂಚಿನ ನಿಲುವು ಪೈಪು, ಅದರ ಮೇಲೆ ಬಾಯಿ ಮುಚ್ಚಿದ ಎರಡೂವರೆ ಇಂಚಿನ ಪೈಪು, ಜಲ್ಲಿ ಒಳನುಗ್ಗದಂತೆ ಸುತ್ತಲೂ ತೂತು ಕೊರೆದ ಇನ್ನೊಂದು ಪೈಪು. ನೀರು ನಿಲುವು ಪೈಪಿನ ತುದಿಯನ್ನು ಮೀರಿದೊಡನೆ ಸೈಫನ್ ಹಿಡಿದು ಮಡಿಯನ್ನು ಬರಿದು ಮಾಡುತ್ತದೆ, ಬುಡದಲ್ಲಿ ಗಾಳಿ ಎಳೆದುಕೊಂಡಾಗ ನಿಲ್ಲುತ್ತದೆ. ನಮ್ಮದು ಮೊದಲ ವಾರ ಹಿಡಿಯದೆ ಸುಮ್ಮನೆ ತೊಟ್ಟಿಕ್ಕುತ್ತಿತ್ತು. ಹೊರಗಿನ ತುದಿಗೆ ಒಂದು ಎಲ್ಬೋ ಕೂರಿಸಿದ ಮೇಲೆ ಸರಿಹೋಯಿತು. ಇನ್ನೊಂದು ಲೆಕ್ಕವಿದೆ. ಜಲ್ಲಿಯ ನಡುವಿನ ಸಂದು ಒಟ್ಟು ಗಾತ್ರದ ಶೇ. 40ರಷ್ಟಿರುವುದರಿಂದ ನಾಲ್ಕೂ ಮಡಿಗಳು ಒಟ್ಟಿಗೆ ತುಂಬಿದರೆ ತೊಟ್ಟಿಯಿಂದ 160 ಲೀಟರಿನಷ್ಟು ನೀರು ಮೇಲಕ್ಕೆ ಹೋಗಿರುತ್ತದೆ. ಆಗಲೂ ಪಂಪು ಮುಳುಗಿರಬೇಕು, ಮೀನಿಗೆ ಈಜುವಷ್ಟು ನೀರಿರಬೇಕು.

ಇಷ್ಟಾದರೂ ಇದು ಇನ್ನೂ ಬರಿಯ ಪ್ಲಾಸ್ಟಿಕ್ಕು ಮತ್ತು ಕಲ್ಲು. ಮೀನು ತನ್ನ ಕಿವಿರುಗಳ ಮೂಲಕ ಹೊರಬಿಡುವ ಅಮೋನಿಯಾ ಅದಕ್ಕೇ ವಿಷ. ಆ ಅಮೋನಿಯಾವನ್ನು ನೈಟ್ರೊಸೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಸುತ್ತವೆ. ನೈಟ್ರೈಟ್ ಕೂಡ ಮೀನಿನ ರಕ್ತ ಆಮ್ಲಜನಕವನ್ನು ಹೊರದಂತೆ ತಡೆಯುವ ವಿಷವೇ. ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಎಂಬ ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಆಗಿಸಿದ ಮೇಲೆಯೇ ನೀರು ಮೀನಿಗೆ ಹೆಚ್ಚು ಅಪಾಯವಿಲ್ಲದ, ಗಿಡಕ್ಕೆ ಊಟವಾದ ಸ್ಥಿತಿಗೆ ಬರುತ್ತದೆ. ಜಲ್ಲಿಯ ಮೈಮೇಲೆ ಈ ಎರಡೂ ಗುಂಪುಗಳು ನೆಲೆಸಿ ಸಾಕಷ್ಟು ಬೆಳೆಯುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಇಂಗ್ಲಿಷಿನವರು ಸೈಕ್ಲಿಂಗ್ ಎನ್ನುವ ಈ ಹಂತವನ್ನು ನಾನು ನೀರು ಹದ ಮಾಡುವುದು ಎನ್ನುತ್ತೇನೆ. ಮೀನನ್ನು ಬಿಟ್ಟೇ ಹದ ಮಾಡುವ ಪದ್ಧತಿಯೂ ಇದೆ, ಆದರೆ ಆ ವಾರಗಳಲ್ಲಿ ಮೀನು ಪಡುವ ಪಾಡು ನನಗೆ ಒಪ್ಪಿಗೆಯಾಗಲಿಲ್ಲ. ಮೀನಿಲ್ಲದೆಯೇ, ಹೊರಗಿನಿಂದ ಸ್ವಲ್ಪ ಸ್ವಲ್ಪ ಅಮೋನಿಯಾ ಕೊಟ್ಟು ಬ್ಯಾಕ್ಟೀರಿಯಾಗಳನ್ನು ಸಾಕಲು ನಿರ್ಧರಿಸಿದೆ.

ಮೊದಲ ತಪ್ಪು ನಡೆದದ್ದು ಇಲ್ಲಿ. ಚಳ್ಳಕೆರೆಯ ಕಡೆ ಹೊಲ ಮಾಡುವ ನಮ್ಮಣ್ಣನ ಮನೆಯ ಚೀಲದಲ್ಲಿ ಯೂರಿಯಾ ಉಳಿದಿತ್ತು. ಅದು ಒಡೆದು ಅಮೋನಿಯಾ ಆಗುತ್ತದೆಂದು ತಿಳಿದಿದ್ದರಿಂದ ಅದನ್ನೇ ತಂದು ಒಂದು ಹಿಡಿ ಹಾಕಿದೆ. ಹನಿ ಪರೀಕ್ಷೆಯ ಕಿಟ್ಟಿನಲ್ಲಿ ಮೂರು ದಿನವೂ ಅಮೋನಿಯಾ ಸೊನ್ನೆ ಎಂದು ಹಳದಿ ಬಣ್ಣವೇ ಕಾಣಿಸಿತು. ಸಾಲದೆಂದು ಮತ್ತೊಂದು ಹಿಡಿ ಹಾಕಿದೆ. ಕಿಟ್ಟು ಯೂರಿಯಾವನ್ನು ಅಳೆಯುವುದಿಲ್ಲ, ಅಮೋನಿಯಾವನ್ನು ಮಾತ್ರ ಅಳೆಯುತ್ತದೆ ಎಂಬುದನ್ನೂ, ಯೂರಿಯಾವನ್ನು ಒಡೆಯುವ ಸೂಕ್ಷ್ಮಜೀವಿಗಳು ತೊಳೆದ ಹೊಸ ಜಲ್ಲಿಯಲ್ಲಿ ಇನ್ನೂ ಹುಟ್ಟಿಕೊಂಡಿರುವುದಿಲ್ಲ ಎಂಬುದನ್ನೂ ನಾನು ಯೋಚಿಸಿರಲಿಲ್ಲ. ಎಂಟನೆಯ ದಿನ ಕಿಟ್ಟಿನ ಗಾಜಿನ ಕೊಳವೆಯಲ್ಲಿದ್ದ ನೀರು ಅಳತೆಪಟ್ಟಿಯ ಕೊನೆಯ ಕಡುಹಸಿರಿಗೆ ತಿರುಗಿತು. ಕೂತು ಲೆಕ್ಕ ಹಾಕಿದೆ: ಎರಡು ಹಿಡಿ ಎಂದರೆ ಸುಮಾರು 60 ಗ್ರಾಂ, ಯೂರಿಯಾದಲ್ಲಿ ಸಾರಜನಕ ಶೇ. 46, ಅಂದರೆ 500 ಲೀಟರ್ ನೀರಿನಲ್ಲಿ ಲೀಟರಿಗೆ 55 ಮಿಲಿಗ್ರಾಂ. ಬೇಕಾಗಿದ್ದದ್ದು 2 ಮಿಲಿಗ್ರಾಂ. ಅಮೋನಿಯಾ ಇಷ್ಟು ಏರಿದರೆ ಅದನ್ನು ತಿನ್ನಬೇಕಾದ ಬ್ಯಾಕ್ಟೀರಿಯಾಗಳೇ, ಅದರಲ್ಲೂ ಎರಡನೆಯ ಗುಂಪಿನವು, ಬೆಳೆಯಲಾರವು.

ಇದಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ ಸಂಗತಿ ಬೇರೆಯಿದೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯ. ಆ ಲೇಪ ಏಕೆಂದರೆ, ಹೊಲದಲ್ಲಿ ಅಮೋನಿಯಾ ಬೇಗನೆ ನೈಟ್ರೇಟ್ ಆಗಿ ನೀರಿನೊಡನೆ ಬಸಿದು ಹೋಗದಿರಲಿ ಎಂದು. ಬೇವಿನಲ್ಲಿರುವ ಅಂಶಗಳು ಮಣ್ಣಿನ ನೈಟ್ರೀಕರಣ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನಗೊಳಿಸುತ್ತವೆ. ಹೊಲಕ್ಕೆ ಒಳ್ಳೆಯದಾದ ಈ ಗುಣ ನನ್ನ ಮಡಿಗೆ ನೇರ ವಿರೋಧ. ಯಾವ ಜೀವಿಯನ್ನು ಬರಮಾಡಿಕೊಳ್ಳಲು ಕಾಯುತ್ತಿದ್ದೆನೋ ಅದನ್ನೇ ತಡೆಯುವ ವಸ್ತುವನ್ನು ನಾನೇ ಹಿಡಿಗಟ್ಟಲೆ ಹಾಕಿದ್ದೆ. ಮೂರು ವಾರವಾದರೂ ನೈಟ್ರೈಟಿನ ಸುಳಿವು ಕಾಣಲಿಲ್ಲ. ನೀರನ್ನೆಲ್ಲ ಚೆನ್ನಾಗಿ ತೆಳುಮಾಡಿ ತೆಂಗು ಮತ್ತು ಬಾಳೆಗೆ ಹಂಚಿ, ಜಲ್ಲಿಯನ್ನು ಮತ್ತೆ ತೊಳೆದೆ.

ಎರಡನೆಯ ಸಲ ಬಳಸಿದ್ದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಹಿಂದೆ ಕಲಾಯಿ ಹಾಕುವವರು ಕಾದ ಹಿತ್ತಾಳೆ ಪಾತ್ರೆಗೆ ಉದುರಿಸಿ ಬಿಳಿ ಹೊಗೆ ಎಬ್ಬಿಸುತ್ತಿದ್ದ ಪುಡಿಯೇ ಇದು. ಕಲಾಯಿಯ ಪುಡಿಯಲ್ಲಿ ಬೇರೆ ಲೋಹಗಳು ಬೆರೆತಿರಬಹುದಾದ್ದರಿಂದ ಪ್ರಯೋಗಾಲಯಕ್ಕೆ ಸರಕು ಮಾರುವ ಅಂಗಡಿಯಿಂದ ಶುದ್ಧವಾದದ್ದನ್ನು ತಂದೆ. ಇದರಲ್ಲಿ ಸಾರಜನಕ ಶೇ. 26, 500 ಲೀಟರಿಗೆ 4 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಮಿನಷ್ಟು ಬರುತ್ತದೆ, ಅದೂ ಕೂಡಲೇ ಕಿಟ್ಟಿನಲ್ಲಿ ಕಾಣುತ್ತದೆ. ಗೆಳೆಯರೊಬ್ಬರ ಹಳೆಯ ಅಕ್ವೇರಿಯಂ ಫಿಲ್ಟರಿನ ಸ್ಪಂಜನ್ನು ಹಿಂಡಿದ ಕಂದು ನೀರನ್ನು ಜಲ್ಲಿಯ ಮೇಲೆ ಸುರಿದೆ. ಅಲ್ಲಿಯವರೆಗೆ "ಮೀನೇ ಇಲ್ಲದ ನೀರಿಗೆ ಹಗಲೂ ರಾತ್ರಿ ಮೋಟರ್ ಯಾಕಪ್ಪಾ ಓಡಿಸ್ತೀಯಾ?" ಎಂದು ಕೇಳುತ್ತಿದ್ದ ಅವ್ವನಿಗೆ ಅಂದು ವಿಷಯ ಸ್ಪಷ್ಟವಾಯಿತು. "ಹೆಪ್ಪು ಹಾಕಿದೆ ಅನ್ನು" ಎಂದಳು. ಅದಕ್ಕಿಂತ ಸರಿಯಾದ ಪದ ನನಗೂ ತೋಚಿರಲಿಲ್ಲ.

ದಿನವೂ ಬೆಳಿಗ್ಗೆ ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಂಬತ್ತನೆಯ ದಿನ ಅಮೋನಿಯಾ ಇಳಿಯತೊಡಗಿತು, ಹನ್ನೊಂದನೆಯ ದಿನ ನೈಟ್ರೈಟಿನ ಕೊಳವೆ ನೀಲಿಯಿಂದ ನೇರಳೆಗೆ ತಿರುಗಿತು. ಆ ನೇರಳೆ ಬಣ್ಣ ಎರಡು ವಾರ ಕದಲಲಿಲ್ಲ. ಎರಡನೆಯ ಗುಂಪಿನ ಬ್ಯಾಕ್ಟೀರಿಯಾ ನಿಧಾನವಾಗಿ ನೆಲೆಯೂರುವುದರಿಂದ ಇದು ಎಲ್ಲರಿಗೂ ಎದುರಾಗುವ ಹಂತ. ಆಗ ನವಸಾಗರವನ್ನು ಅರ್ಧಕ್ಕೆ ಇಳಿಸಿ, ಎರಡು ದಿನಕ್ಕೊಮ್ಮೆ ಮಾತ್ರ ಕೊಡುತ್ತ ಹೋದೆ. ಮೂವತ್ತೊಂದನೆಯ ದಿನದಿಂದ ನೇರಳೆ ತೆಳುವಾಯಿತು. ಮೂವತ್ತೇಳನೆಯ ದಿನ, ಹಿಂದಿನ ಬೆಳಿಗ್ಗೆ ಹಾಕಿದ ಪೂರ್ತಿ 4 ಗ್ರಾಂ ಇಪ್ಪತ್ನಾಲ್ಕು ಗಂಟೆಯೊಳಗೆ ಕರಗಿ, ಅಮೋನಿಯಾವೂ ನೈಟ್ರೈಟೂ ಸೊನ್ನೆಯಾಗಿ, ನೈಟ್ರೇಟ್ ಮಾತ್ರ ಕೆಂಪಗೆ ಕಾಣಿಸಿತು. ಹದ ಬಂದಿದೆ ಎಂದು ತೀರ್ಮಾನಿಸುವುದು ಈ ಗುರುತಿನಿಂದಲೇ. ನೀರು ತಿಳಿಯಾಗಿರುವುದಕ್ಕೂ ಹದಕ್ಕೂ ಸಂಬಂಧವಿಲ್ಲ.

ನಮ್ಮ ಗಡಸು ನೀರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕೊಳವೆಬಾವಿಯ ನೀರಿನ ಪಿಎಚ್ 8.2. ಹುಣಸೆಹಣ್ಣು ಕಿವುಚಿ ಹಾಕು, ನಿಂಬೆ ಹಿಂಡು ಎಂದು ಹಲವರು ಸಲಹೆ ಕೊಟ್ಟರು. ನೀರಿನಲ್ಲಿ ಬೈಕಾರ್ಬನೇಟ್ ಇರುವ ತನಕ ಹುಳಿ ಹಾಕಿ ಇಳಿಸಿದ ಪಿಎಚ್ ಮರುದಿನ ಮತ್ತೆ ಏರುತ್ತದೆ. ಈ ಏರಿಳಿತವೇ ಮೀನಿಗೆ ಹೆಚ್ಚು ಹಾನಿ. ಹದ ಮಾಡುವ ಹಂತದಲ್ಲಿ ಗಡಸು ನೀರು ನಮ್ಮ ಪರವಾಗಿಯೇ ಇರುತ್ತದೆ. ನೈಟ್ರೀಕರಣ ನಡೆಸುವ ಬ್ಯಾಕ್ಟೀರಿಯಾಗಳಿಗೆ 7.5ರಿಂದ 8.5ರ ನಡುವಿನ ಪಿಎಚ್ ಹಿತ, ಮತ್ತು ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಆಗಿಸುವಾಗ ಅವು ಸುಮಾರು 7 ಗ್ರಾಂ ಕ್ಷಾರತೆಯನ್ನು, ಅಂದರೆ ಹುಳಿಯನ್ನು ತಾಳಿಕೊಳ್ಳುವ ನೀರಿನ ಶಕ್ತಿಯನ್ನು (ಸುಣ್ಣದಕಲ್ಲಿನ ಲೆಕ್ಕದಲ್ಲಿ), ಖರ್ಚು ಮಾಡುತ್ತವೆ. ಮೆದು ನೀರಿನವರು ಪಿಎಚ್ ಕುಸಿಯದಿರಲಿ ಎಂದು ಸುಣ್ಣ ಸೇರಿಸಬೇಕಾಗುತ್ತದೆ. ನಮಗೆ ಆ ಚಿಂತೆಯಿಲ್ಲ. ತೊಂದರೆ ಶುರುವಾಗುವುದು ಮೀನು ಬಂದ ಮೇಲೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಉಗ್ರ ವಿಷರೂಪ ಶೇ. 0.6ರಷ್ಟು ಮಾತ್ರ, ಪಿಎಚ್ 8 ಆದರೆ ಅದು ಶೇ. 5 ದಾಟುತ್ತದೆ. ಆದ್ದರಿಂದ ಆವಿಯಾದ ನೀರಿನ ಜಾಗಕ್ಕೆ ಮಳೆನೀರನ್ನೇ ತುಂಬಿಸುತ್ತ ಬಂದಿದ್ದೇನೆ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ 40 ಚದರ ಮೀಟರ್ ಚಾವಣಿಗೆ 15 ಮಿಲಿಮೀಟರಿನ ಒಂದು ಮಳೆ ಬಂದರೆ 600 ಲೀಟರ್, ನಮಗೆ ಒಂದು ತಿಂಗಳಿಗೂ ಹೆಚ್ಚು ಸಾಕು. ಈಗ ಪಿಎಚ್ ತಾನಾಗಿ 7.5ರ ಹತ್ತಿರ ಇಳಿದಿದೆ. ನಲ್ಲಿ ನೀರನ್ನು ತುಂಬಿಸುವವರು ಕ್ಲೋರಿನ್ ಹೋಗಲೆಂದು ಅದನ್ನು ತೆರೆದ ಪಾತ್ರೆಯಲ್ಲಿ ಎರಡು ದಿನ ಇಡಬೇಕು.

ಯುಗಾದಿಯ ಮರುದಿನ ಇಪ್ಪತ್ತು ಕೋಯಿ ಮರಿಗಳನ್ನು ತಂದು ಬಿಟ್ಟೆ. ನಮ್ಮದು ಮೀನು ತಿನ್ನುವ ಮನೆಯಲ್ಲ. ಕೋಯಿ ಸಾಮಾನ್ಯ ಗೆಂಡೆಯದೇ ಬಣ್ಣದ ತಳಿ, ಗಟ್ಟಿ ಜೀವ, ಗಿಡಕ್ಕೆ ಬೇಕಾದದ್ದನ್ನು ಅದೂ ಕೊಡುತ್ತದೆ. ಎಷ್ಟು ಮೀನು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಮೇವು ಎಂಬುದು ಸರಿಯಾದ ಪ್ರಶ್ನೆ. ಸೊಪ್ಪು ಬೆಳೆಯುವ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಕೈಪಿಡಿಯ ಅಳತೆ. ನಮ್ಮ ಮರಿಗಳು ಅಷ್ಟು ತಿನ್ನುವುದಿಲ್ಲವಾದ್ದರಿಂದ ಎರಡೇ ಮಡಿಗಳಲ್ಲಿ ಪಾಲಕ್ ಮತ್ತು ಪುದೀನ ಹಾಕಿದ್ದೇನೆ. ಏಪ್ರಿಲ್ ಬಿಸಿಲಿನಲ್ಲಿ ಪಾಲಕ್ಕಿನ ಎಳೆಯ ಎಲೆಗಳು ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾದವು. ಇದು ಕಬ್ಬಿಣದ ಕೊರತೆ. ಮೀನಿನ ಮೇವಿನಲ್ಲಿ ಕಬ್ಬಿಣ ಕಡಿಮೆ, ಪಿಎಚ್ ಹೆಚ್ಚಿದ್ದರೆ ಇರುವುದೂ ಬೇರಿಗೆ ದಕ್ಕುವುದಿಲ್ಲ. ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ವಸ್ತುವಿನೊಡನೆ ಬೆರೆಸಿ ಮಾರುತ್ತಾರೆ; ಅದರಲ್ಲಿ ಸಾಮಾನ್ಯವಾದ ಇಡಿಟಿಎ ಕಬ್ಬಿಣ ನಮ್ಮಂಥ ನೀರಿನಲ್ಲಿ ನಿಲ್ಲದು, ಇಡಿಡಿಎಚ್ಎ ರೂಪದ್ದನ್ನೇ ಕೇಳಿ ತರಬೇಕು. ಎಲೆಗೆ ಹೇನು ಹತ್ತಿದಾಗ ಬೇವಿನೆಣ್ಣೆಯನ್ನು ಸಿಂಪಡಿಸದೆ ಕೈಯಿಂದಲೇ ಒರೆಸಿ ತೆಗೆದೆ, ಏಕೆಂದರೆ ಅದರ ಹನಿ ಇಳಿಯುವುದು ಮೀನಿನ ತೊಟ್ಟಿಗೆ. ಕರೆಂಟು ಹೋಗುವ ಹೊತ್ತಿಗೆಂದು ಬ್ಯಾಟರಿಯ ಒಂದು ಗಾಳಿ ಪಂಪು ಇಟ್ಟಿದ್ದೇನೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ, ಆ ಪಾಲಿಗೆ ಬ್ಯಾಕ್ಟೀರಿಯಾಗಳೂ ಕೈಚಾಚುತ್ತವೆ.

ಕಳೆದ ವಾರ ನಮ್ಮಣ್ಣ ಬಂದು ಎಲ್ಲವನ್ನೂ ನೋಡಿ, ತನ್ನ ಮನೆಯ ಹಿಂದೆಯೂ ಒಂದನ್ನು ಕಟ್ಟುವುದಾಗಿ ಹೇಳಿದ. ಅವನ ಡ್ರಮ್ಮುಗಳು ಸಿದ್ಧವಾಗಿವೆ. ನಮ್ಮ ಮೂರನೆಯ ಮಡಿಯಿಂದ ಅರ್ಧ ಬಕೆಟ್ ಜಲ್ಲಿಯನ್ನು ತೆಗೆದು, ಒಣಗದಂತೆ ತೊಟ್ಟಿಯ ನೀರಿನಲ್ಲೇ ನೆನೆಸಿ, ಒದ್ದೆ ಗೋಣಿಚೀಲ ಮುಚ್ಚಿ ಕೊಟ್ಟು ಕಳುಹಿಸಿದೆ. ಅಂದು ಸಂಜೆಯೊಳಗೆ ಅದು ಅವನ ಮಡಿಯನ್ನು ಸೇರಿದೆ. ನವಸಾಗರದ ಪೊಟ್ಟಣವನ್ನು ನಾಲ್ಕು ನಾಲ್ಕು ಗ್ರಾಮಿನಂತೆ ತೂಗಿ ಕಟ್ಟಿಕೊಟ್ಟಿದ್ದೇನೆ, ಯೂರಿಯಾ ಚೀಲವನ್ನು ಹಿತ್ತಲಿನಿಂದ ದೂರ ಇಡಲು ಹೇಳಿದ್ದೇನೆ.